ಗೋಡೆಗೆ ಯಾವ ಬ್ಲಾಕ್, ತಾರಸಿಗೆ ಯಾವ ಹೊದಿಕೆ? ಶಾಖದ ಲೆಕ್ಕ ಹಾಕಿಯೇ ಆರಿಸೋಣ

ಮನೆ ಕಟ್ಟಲು ಹೊರಟವರಿಗೆ ಸಲಹೆ ಕೊಡುವವರಿಗೇನೂ ಬರವಿಲ್ಲ. ಬ್ಲಾಕ್ ಮಾರುವವರು "ಎಎಸಿ ಹಾಕಿಸಿ ಸರ್, ಏಸಿ ಬೇಕಾಗೋದೇ ಇಲ್ಲ" ಅನ್ನುತ್ತಾರೆ. (ಎಎಸಿ ಅಂದರೆ ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕ್.) ಮೇಸ್ತ್ರಿ "ಇಟ್ಟಿಗೆ ಬಿಟ್ಟರೆ ಬೇರೆ ಇಲ್ಲ" ಅನ್ನುತ್ತಾರೆ. ಊರಿನ ಹಿರಿಯರು ಮಣ್ಣಿನ ಗೋಡೆಯ ತಂಪನ್ನು ನೆನೆಯುತ್ತಾರೆ. ಮೂವರ ಮಾತಿನಲ್ಲೂ ಸತ್ಯ ಇದೆ. ಆದರೆ ಎಷ್ಟು ತಂಪು, ಯಾವ ಹೊತ್ತಿನಲ್ಲಿ ತಂಪು, ಅದಕ್ಕೆ ಕೊಡುವ ದುಡ್ಡಿಗೆ ತಕ್ಕ ಲಾಭ ಇದೆಯಾ ಅನ್ನುವುದನ್ನು ಲೆಕ್ಕ ಮಾತ್ರ ಹೇಳುತ್ತದೆ. ಆ ಲೆಕ್ಕಕ್ಕೆ ಗುಣಾಕಾರ, ಭಾಗಾಕಾರ, ಕೂಡುವುದು ಬಂದರೆ ಸಾಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದಂತಸ್ತು, ಎರಡಂತಸ್ತಿನ ಮನೆಯಲ್ಲಿ ಜನ ಗೋಡೆಯ ಬ್ಲಾಕಿಗಾಗಿ ತಿಂಗಳುಗಟ್ಟಲೆ ಯೋಚಿಸುತ್ತಾರೆ. ತಾರಸಿಗೆ ಮೋಲ್ಡ್ (ಕಾಂಕ್ರೀಟ್ ಸ್ಲ್ಯಾಬ್) ಹಾಕಿಸಿ ಸುಮ್ನೆ ಬಿಟ್ಟುಬಿಡುತ್ತಾರೆ. ಅಂಕಿಗಳನ್ನು ಮುಂದಿಟ್ಟುಕೊಂಡರೆ ಇದು ತಲೆಕೆಳಗು.

ಸೂತ್ರ ಒಂದೇ ಸಾಲು

ಘನವಸ್ತುವಿನ ಒಳಗಿಂದ ಶಾಖ ಎಷ್ಟು ಹರಿಯುತ್ತದೆ ಅನ್ನುವ ನಿಯಮವನ್ನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೆ 1822ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿವರಿಸಿದರು. ಇವತ್ತಿಗೂ ಅದೇ ನಡೆಯುತ್ತಿದೆ:

ಶಾಖ = ಕೆ × ವಿಸ್ತೀರ್ಣ × ತಾಪಮಾನದ ವ್ಯತ್ಯಾಸ ÷ ದಪ್ಪ

ಉತ್ತರ ವ್ಯಾಟ್‌ನಲ್ಲಿ ಬರುತ್ತದೆ. ವಿಸ್ತೀರ್ಣ ಚದರ ಮೀಟರ್‌ನಲ್ಲಿ, ದಪ್ಪ ಮೀಟರ್‌ನಲ್ಲಿ ಇರಬೇಕು. ಇಂಚನ್ನು ಹಾಗೇ ಹಾಕಿದರೆ ಉತ್ತರ ಎಲ್ಲೋ ಹೋಗುತ್ತದೆ. 9 ಇಂಚು ಅಂದರೆ 0.23 ಮೀಟರ್.

'ಕೆ' ಅಂದರೆ ಉಷ್ಣ ವಾಹಕತೆ, ಆ ವಸ್ತು ಶಾಖವನ್ನು ಎಷ್ಟು ಸಲೀಸಾಗಿ ದಾಟಿಸುತ್ತದೆ ಅನ್ನುವ ಅಳತೆ. ತಾಮ್ರಕ್ಕೆ ಸುಮಾರು 400, ಸಾಮಾನ್ಯ ಉಕ್ಕಿಗೆ 50. ಕಟ್ಟಡದ ಸಾಮಾನುಗಳಿಗೆ ಬಂದರೆ ಆರ್‌ಸಿಸಿಗೆ 1.58, ಸಾಲಿಡ್ ಕಾಂಕ್ರೀಟ್ ಬ್ಲಾಕಿಗೆ 1.4ರ ಹತ್ತಿರ, ಸುಟ್ಟ ಇಟ್ಟಿಗೆಗೆ 0.8, ಸಿಮೆಂಟ್ ಗಾರೆಗೆ 0.72, ಒಣ ಮಣ್ಣಿನ ಹೊದಿಕೆಗೆ 0.52, ಎಎಸಿ ಬ್ಲಾಕಿಗೆ 0.18, ಥರ್ಮೋಕೋಲ್‌ಗೆ 0.035. ಅಲುಗಾಡದ ಗಾಳಿಗೆ ಬರೀ 0.026. ಕೊನೆಯ ಅಂಕಿಯಲ್ಲೇ ಗುಟ್ಟು ಇರುವುದು. ಎಎಸಿಯಾಗಲಿ ಥರ್ಮೋಕೋಲ್ ಆಗಲಿ, ಶಾಖವನ್ನು ತಡೆಯುವುದು ಅದರೊಳಗೆ ಸಿಕ್ಕಿಕೊಂಡ ಗಾಳಿ. ಹಾಗಾಗಿಯೇ ಸಾಮಾನ್ಯವಾಗಿ ಬ್ಲಾಕ್ ಹಗುರವಾದಷ್ಟೂ 'ಕೆ' ಕಡಿಮೆ. ಅದೇ ಬ್ಲಾಕ್ ನೀರು ಕುಡಿದರೆ ಗಾಳಿಯ ಜಾಗಕ್ಕೆ ಕೆ 0.6 ಇರುವ ನೀರು ಬಂದು ಕೂರುತ್ತದೆ, ತಡೆಯುವ ಶಕ್ತಿ ಇಳಿಯುತ್ತದೆ.

ಈ ಸೂತ್ರವನ್ನು ಹಾಗೇ ಬಳಸಿದರೆ ಎಲ್ಲಿ ಎಡವುತ್ತದೆ ಅಂತ ನೋಡಲು ತಗಡಿನ ಶೀಟ್ ತೆಗೆದುಕೊಳ್ಳಿ. ದಪ್ಪ ಅರ್ಧ ಮಿಲಿಮೀಟರ್, ಕೆ 50, ಮೇಲೆ 60 ಡಿಗ್ರಿ, ಕೋಣೆಯ ಗಾಳಿ 32 ಡಿಗ್ರಿ. 50 × 28 ÷ 0.0005 ಅಂದರೆ ಚದರ ಮೀಟರಿಗೆ 28 ಲಕ್ಷ ವ್ಯಾಟ್! ಇಂಥದ್ದು ಎಲ್ಲೂ ಆಗುವುದಿಲ್ಲ, ಅಲ್ವಾ? ಸೂತ್ರ ಕೇಳುವುದು ಶೀಟಿನ ಎರಡು ಮೈಗಳ ತಾಪಮಾನವನ್ನು. ನಾವು ಹಾಕಿದ್ದು ಕೋಣೆಯ ಗಾಳಿಯದ್ದನ್ನು. ನಿಜದಲ್ಲಿ ಶೀಟಿನ ಕೆಳಮೈಯೂ ಹೆಚ್ಚುಕಡಿಮೆ 60 ಡಿಗ್ರಿಯೇ ಇರುತ್ತದೆ. ಅಲ್ಲಿಂದ ಕೋಣೆಗೆ ಶಾಖ ಇಳಿಯುವಾಗ ಮೈಗೆ ಅಂಟಿಕೊಂಡ ಗಾಳಿಯ ತೆಳು ಪದರ ತಡೆಯುತ್ತದೆ. ಆ ತಡೆಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ಅದಕ್ಕೆ ಸುಲಭದ ದಾರಿ ಇದೆ. ಪ್ರತಿ ಪದರದ ದಪ್ಪವನ್ನು ಅದರ 'ಕೆ'ಯಿಂದ ಭಾಗಿಸಿ. ಬಂದದ್ದು ಆ ಪದರದ ತಡೆ, ಅಂದರೆ 'ಆರ್'. ಒಂದರ ಹಿಂದೆ ಒಂದು ಇರುವ ಪದರಗಳ ಆರ್‌ಗಳನ್ನೆಲ್ಲ ಕೂಡಿ. ಗಾಳಿ ಪದರಗಳಿಗೆ ಒಪ್ಪಿತ ಅಂಕಿಗಳಿವೆ. ಗೋಡೆಯ ಒಳಮೈಗೆ 0.13, ಹೊರಮೈಗೆ 0.04. ತಾರಸಿಯಲ್ಲಿ ಶಾಖ ಕೆಳಗಿಳಿಯುವಾಗ ಒಳಮೈಗೆ 0.17. ಒಟ್ಟು ಆರ್‌ನಿಂದ 1ನ್ನು ಭಾಗಿಸಿದರೆ 'ಯು' ಸಿಗುತ್ತದೆ. ಒಂದು ಚದರ ಮೀಟರಿನಲ್ಲಿ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ, ಎಷ್ಟು ವ್ಯಾಟ್ ದಾಟುತ್ತದೆ ಅನ್ನುವುದೇ ಯು. ಹೋಲಿಸುವಾಗ ಇದೊಂದನ್ನು ನೋಡಿದರೆ ಸಾಕು. ಕಡಿಮೆ ಇದ್ದಷ್ಟೂ ಒಳ್ಳೆಯದು.

ಗೋಡೆಗಳು

ಒಳಗೂ ಹೊರಗೂ ಸೇರಿ 27 ಮಿ.ಮೀ. ಪ್ಲಾಸ್ಟರಿಂಗ್ ಅಂದುಕೊಳ್ಳೋಣ. ಅದರ ಆರ್ 0.0375. ಎರಡು ಗಾಳಿ ಪದರಗಳದ್ದು 0.17. ಎರಡೂ ಸೇರಿ ಸುಮಾರು 0.21. ಯಾವ ಬ್ಲಾಕ್ ಹಾಕಿದರೂ ಇಷ್ಟು ಇದ್ದೇ ಇರುತ್ತದೆ. 9 ಇಂಚಿನ ಇಟ್ಟಿಗೆ ಗೋಡೆಯದು 0.23 ÷ 0.8 = 0.29. ಒಟ್ಟು 0.50. ಯು 2.0. ಉಳಿದವೂ ಇದೇ ರೀತಿ:

| ಗೋಡೆ | ಬ್ಲಾಕಿನ ಆರ್ | ಯು |
|---|---|---|
| 6 ಇಂಚು ಸಾಲಿಡ್ ಕಾಂಕ್ರೀಟ್ ಬ್ಲಾಕ್ | 0.11 | 3.2 |
| 8 ಇಂಚು ಸಾಲಿಡ್ ಕಾಂಕ್ರೀಟ್ ಬ್ಲಾಕ್ | 0.14 | 2.8 |
| ನಾಲ್ಕೂವರೆ ಇಂಚು ಇಟ್ಟಿಗೆ | 0.14 | 2.8 |
| 9 ಇಂಚು ಇಟ್ಟಿಗೆ | 0.29 | 2.0 |
| 6 ಇಂಚು ಎಎಸಿ | 0.83 | 0.96 |
| 8 ಇಂಚು ಎಎಸಿ | 1.11 | 0.76 |

ಎರಡು ವಿಷಯ ಗಮನಿಸಿ. 8 ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಶಾಖದ ಮಟ್ಟಿಗೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಗೆ ಸಮ. ಗೋಡೆ ದಪ್ಪ ಇದೆ, ಬ್ಲಾಕ್ ಭಾರ ಇದೆ ಅಂತ ತಂಪು ಬರುವುದಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಸಾಲಿಡ್ ಬ್ಲಾಕೇ ಜಾಸ್ತಿ. ಗಟ್ಟಿತನ, ರೇಟು, ಬೇಗ ಸಿಗುವುದು, ಮೊಳೆ ಹೊಡೆದರೆ ನಿಲ್ಲುವುದು, ಎಲ್ಲ ಸರಿ. ತಂಪಿನ ವಿಷಯಕ್ಕೆ ಬಂದರೆ ಇದೇ ಎಲ್ಲಕ್ಕಿಂತ ಹಿಂದೆ. ಎರಡನೆಯದು, 6 ಇಂಚಿನ ಎಎಸಿ 9 ಇಂಚಿನ ಇಟ್ಟಿಗೆಗಿಂತ ಎರಡು ಪಟ್ಟು ಚೆನ್ನಾಗಿ ತಡೆಯುತ್ತದೆ. ಮೂರು ಇಂಚು ಜಾಗವೂ ಉಳಿಯುತ್ತದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಈ ಮೂರು ಇಂಚಿಗೆ ಬೆಲೆ ಇದೆ.

ಮಣ್ಣಿನ ಬ್ಲಾಕನ್ನು ಪಟ್ಟಿಯಿಂದ ಬೇಕೆಂದೇ ಹೊರಗಿಟ್ಟೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಆಸ್ತ್ರ ಕೇಂದ್ರ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿ ಮಾಡುವ ಈ ಬ್ಲಾಕನ್ನು ನಮ್ಮಲ್ಲಿ ಬಳಕೆಗೆ ತಂದಿತು. ಗೂಡಿನಲ್ಲಿ ಸುಡುವ ಕೆಲಸ ಇಲ್ಲ, ಮಣ್ಣು ಹತ್ತಿರದಲ್ಲೇ ಸಿಗುತ್ತದೆ. ನನಗೆ ತುಂಬಾ ಇಷ್ಟವಾದ ಗೋಡೆ ಇದು. ಆದರೆ ಒತ್ತಿದ ಮಣ್ಣು ಸಾಂದ್ರವಾಗಿರುವುದರಿಂದ ಕೆ 1ರ ಆಸುಪಾಸಿನಲ್ಲಿರುತ್ತದೆ. ಪ್ಲಾಸ್ಟರ್ ಮಾಡದ 9 ಇಂಚಿನ ಗೋಡೆಗೆ ಯು 2.5 ಬರುತ್ತದೆ. ಇಟ್ಟಿಗೆಗಿಂತ ಸ್ವಲ್ಪ ಹಿಂದೆ, ಸಾಲಿಡ್ ಬ್ಲಾಕಿಗಿಂತ ಮುಂದೆ. ಅದನ್ನು ಆರಿಸಲು ಒಳ್ಳೆಯ ಕಾರಣಗಳು ಬೇಕಾದಷ್ಟಿವೆ, 'ಯು' ಅವುಗಳಲ್ಲಿ ಒಂದಲ್ಲ.

ಕರಾವಳಿಯ ಕೆಂಪುಕಲ್ಲಿಗೆ ಒಂದೇ ಅಂಕಿ ಕೊಡುವುದು ಸರಿಯಲ್ಲ. ಕಲ್ಲಿನಲ್ಲಿ ಎಷ್ಟು ತೂತು, ಮಳೆಗಾಲದಲ್ಲಿ ಎಷ್ಟು ನೀರು ಕುಡಿದಿದೆ ಅನ್ನುವುದರ ಮೇಲೆ ಕೆ ಬದಲಾಗುತ್ತದೆ. ತೂತಿನ ಜೇಡಿ ಬ್ಲಾಕಿಗೂ ಈ ಸರಳ ಲೆಕ್ಕ ಹೊಂದುವುದಿಲ್ಲ. ತೂತಿನ ಒಳಗೆ ಗಾಳಿ ಓಡಾಡುತ್ತದೆ, ಒಂದು ಮೈಯಿಂದ ಇನ್ನೊಂದಕ್ಕೆ ವಿಕಿರಣವೂ ಇರುತ್ತದೆ. ಅದಕ್ಕೆ ಕಂಪನಿಯವರು ಪರೀಕ್ಷೆ ಮಾಡಿಸಿದ ಗೋಡೆಯ ಯು ಕೇಳಿ ಪಡೆಯುವುದೇ ಸರಿ.

ಕಂಬ, ತೊಲೆ, ಗಾರೆಯ ಸಂದು

ಬ್ರೋಷರ್‌ನಲ್ಲಿ ಇಲ್ಲದ ಲೆಕ್ಕ ಇದು. ಎಎಸಿ ಗೋಡೆಯ ಯು 0.76 ಅಂತ ಬಂತು. ಆದರೆ ಗೋಡೆ ಪೂರ್ತಿ ಎಎಸಿ ಎಲ್ಲಿದೆ? ಬ್ಲಾಕುಗಳ ನಡುವೆ ಗಾರೆ ಇದೆ, ಮೂಲೆಯಲ್ಲಿ ಕಂಬ ಇದೆ, ಮೇಲೆ ತೊಲೆ ಇದೆ, ಕಿಟಕಿಯ ಮೇಲೆ ಲಿಂಟಲ್ ಇದೆ. ಇವು ಅಕ್ಕಪಕ್ಕದ ದಾರಿಗಳು. ಇಲ್ಲಿ ಆರ್ ಕೂಡುವಂತಿಲ್ಲ. ಒಂದೊಂದರ ಯು ತೆಗೆದು, ಅದು ಗೋಡೆಯ ಎಷ್ಟು ಪಾಲು ಇದೆಯೋ ಅಷ್ಟರಿಂದ ಗುಣಿಸಿ, ಕೂಡಬೇಕು.

600 × 200 ಮಿ.ಮೀ. ಮುಖದ ಬ್ಲಾಕಿಗೆ 12 ಮಿ.ಮೀ. ಗಾರೆ ಹಾಕಿದರೆ ಗೋಡೆಯ ಮುಖದಲ್ಲಿ ಗಾರೆಯ ಪಾಲು ಶೇ 7.5. ಗಾರೆಯ ದಾರಿಯ ಯು 2.06. ಸೇರಿಸಿದರೆ ಗೋಡೆಯ ಯು 0.86 ಆಯಿತು. ಎಎಸಿಗೆಂದೇ ಬರುವ ಅಂಟು ಗಾರೆಯನ್ನು 3 ಮಿ.ಮೀ. ಹಾಕಿದರೆ ಗಾರೆಯ ಪಾಲು ಶೇ 2ಕ್ಕೆ ಇಳಿಯುತ್ತದೆ, ಯು 0.79ರಲ್ಲೇ ನಿಲ್ಲುತ್ತದೆ. ಮೇಸ್ತ್ರಿ "ಅಂಟು ಯಾಕೆ ಸಾರ್, ಮಾಮೂಲಿ ಗಾರೆಯಲ್ಲೇ ಕಟ್ತೀನಿ" ಅಂದರೆ ಈ ಎರಡು ಅಂಕಿ ನೆನಪಿರಲಿ.

ಕಂಬದ್ದು ಇದಕ್ಕಿಂತ ದೊಡ್ಡ ಕಥೆ. 8 ಇಂಚಿನ ಆರ್‌ಸಿಸಿಯ ಯು 3.0. ಗೋಡೆಯ ಶೇ 15 ಭಾಗ ಕಂಬ, ತೊಲೆಗಳಿದ್ದರೆ 0.85 × 0.86 + 0.15 × 3.0 = 1.18. ಅಂದರೆ 0.76 ಅಂತ ಕೊಂಡ ಗೋಡೆ ಕಟ್ಟಿ ಮುಗಿಯುವ ಹೊತ್ತಿಗೆ 1.2ರ ಹತ್ತಿರ ಬಂದಿರುತ್ತದೆ. ಇದೇ ಕಂಬಗಳಿರುವ ಇಟ್ಟಿಗೆ ಗೋಡೆ 2.0ರಿಂದ 2.1ಕ್ಕೆ ಹೋಗುತ್ತದೆ, ಅಷ್ಟೇ. ಎಎಸಿ ಆಗಲೂ ಮುಂದೆಯೇ ಇದೆ. ಆದರೆ ಎರಡೂವರೆ ಪಟ್ಟಿಗೂ ಜಾಸ್ತಿ ಇದ್ದ ಅಂತರ ಎರಡು ಪಟ್ಟಿಗೂ ಕಡಿಮೆಯಾಯಿತು. ಬೆಲೆಯ ವ್ಯತ್ಯಾಸವನ್ನು ತೂಗುವಾಗ ಈ ಎರಡನೇ ಅಂತರವನ್ನೇ ಹಿಡಿಯಿರಿ.

ತಾರಸಿ: ಶಾಖದ ದೊಡ್ಡ ಬಾಗಿಲು

ಹತ್ತು ಹನ್ನೆರಡರ ಕೋಣೆ, 120 ಚದರ ಅಡಿ, ಅಂದರೆ 11.15 ಚದರ ಮೀಟರ್. ಮೇಲೆ 5 ಇಂಚಿನ ಮೋಲ್ಡ್, ಕೆಳಗೆ 12 ಮಿ.ಮೀ. ಪ್ಲಾಸ್ಟರ್. ಬೇಸಿಗೆಯ ಮಧ್ಯಾಹ್ನ ತಾರಸಿಯ ಮೇಲ್ಮೈ 60 ಡಿಗ್ರಿ, ಕೋಣೆ 32 ಡಿಗ್ರಿ ಅಂದುಕೊಳ್ಳಿ. ಮೇಲ್ಮೈಯ ತಾಪಮಾನವನ್ನೇ ಹಿಡಿದಿರುವುದರಿಂದ ಹೊರಗಿನ ಗಾಳಿ ಪದರ ಬೇಕಿಲ್ಲ. ಕಾಂಕ್ರೀಟ್ 0.079, ಪ್ಲಾಸ್ಟರ್ 0.017, ಒಳಗಿನ ಗಾಳಿ ಪದರ 0.17. ಒಟ್ಟು 0.266. 28ನ್ನು ಇದರಿಂದ ಭಾಗಿಸಿದರೆ ಚದರ ಮೀಟರಿಗೆ 105 ವ್ಯಾಟ್. ಇಡೀ ಕೋಣೆಗೆ ಸುಮಾರು 1,170 ವ್ಯಾಟ್.

ಸಾವಿರ ವ್ಯಾಟಿನ ರೂಮ್ ಹೀಟರನ್ನು ಮಧ್ಯಾಹ್ನವಿಡೀ ಸೂರಿಗೆ ನೇತುಹಾಕಿದ ಹಾಗಾಯಿತು. ಒಂದು ಟನ್ನಿನ ಏಸಿ ಹೊರಹಾಕಬಲ್ಲದ್ದು 3,500 ವ್ಯಾಟ್‌ನಷ್ಟು ಶಾಖ. ಅದರ ಮೂರನೇ ಒಂದು ಭಾಗ ತಾರಸಿಗೇ ಹೋಯಿತು.

ಇನ್ನು ಏನೇನು ಮಾಡಬಹುದು, ಒಂದೊಂದಾಗಿ ಇದೇ ಕೋಣೆಗೆ ಹಾಕಿ ನೋಡೋಣ.

ಮೋಲ್ಡನ್ನು 5ರ ಬದಲು 6 ಇಂಚು ಮಾಡಿದರೆ? 1,110 ವ್ಯಾಟ್. ಒಂದಿಂಚು ಕಾಂಕ್ರೀಟಿನ ದುಡ್ಡು ಹೋಯಿತು, ಸಿಕ್ಕಿದ್ದು ಶೇ 6.

ಮೇಲೆ ಬಿಳಿ ಸುಣ್ಣವನ್ನೋ ಕೂಲ್ ಪೇಂಟನ್ನೋ ಬಳಿದರೆ? ಇಲ್ಲಿ ಆರ್ ಬದಲಾಗುವುದಿಲ್ಲ, ಮೇಲ್ಮೈಯ ತಾಪಮಾನ ಬದಲಾಗುತ್ತದೆ. ಅದು 45 ಡಿಗ್ರಿಗೆ ಇಳಿದರೆ ವ್ಯತ್ಯಾಸ 28ರಿಂದ 13ಕ್ಕೆ ಬಂತು. 545 ವ್ಯಾಟ್. ಇಷ್ಟು ಕಡಿಮೆ ಖರ್ಚಿಗೆ ಅರ್ಧಕ್ಕರ್ಧ ಇಳಿಸುವ ಬೇರೆ ಉಪಾಯ ಇಲ್ಲ. ಧೂಳು, ಪಾಚಿ ಕೂತರೆ ಗುಣ ಹೋಗುತ್ತದೆ, ಹಾಗಾಗಿ ತೊಳೆಯುತ್ತಿರಬೇಕು, ಆಗಾಗ ಮತ್ತೆ ಬಳಿಯಬೇಕು.

4 ಇಂಚು ಇಟ್ಟಿಗೆ ಚೂರಿನ ಗಾರೆ ಹಾಕಿದರೆ 800 ವ್ಯಾಟ್ ಸುಮಾರು. ನೀರು ಇಳಿಜಾರಾಗಿ ಹರಿಯಲು ಹೇಗೂ ಹಾಕಿಸುವವರಿದ್ದರೆ ಇದು ಸಿಗುವ ಲಾಭ. ತಂಪಿಗಾಗಿಯೇ ಹಾಕಿಸುವುದಾದರೆ ಭಾರ ಜಾಸ್ತಿ, ಫಲ ಕಡಿಮೆ.

ಒಳಗಡೆ ಜಿಪ್ಸಂ ಫಾಲ್ಸ್ ಸೀಲಿಂಗ್ ಹಾಕಿದರೆ, ಹಲಗೆ ಮತ್ತು ನಡುವಿನ ಗಾಳಿ ಸೇರಿ 0.25ರಷ್ಟು ಆರ್ ಸೇರುತ್ತದೆ. 600 ವ್ಯಾಟ್. ಕಟ್ಟಿ ಮುಗಿದ ಮನೆಗೆ, ಮೇಲೆ ಹೋಗಿ ಕೆಲಸ ಮಾಡಲಾಗದ ಕಡೆಗೆ ಇದು ದಾರಿ.

ಎಕ್ಸ್‌ಪಿಎಸ್ ಅನ್ನುವ ಒತ್ತಾದ ಫೋಮ್ ಹಲಗೆ, ಕೆ 0.03. ಒಂದಿಂಚು ಹಾಕಿದರೆ 284 ವ್ಯಾಟ್. ಎರಡಿಂಚು ಹಾಕಿದರೆ 161. ಇಲ್ಲಿ ಸ್ವಲ್ಪ ನಿಂತು ನೋಡಿ. ಮೊದಲ ಇಂಚು ಸುಮಾರು 890 ವ್ಯಾಟ್ ತಡೆಯಿತು. ಎರಡನೇ ಇಂಚು ತಡೆದದ್ದು 120. ಒಂದಿಂಚಿನ ಮೇಲೆ ಬಿಳಿ ಮೇಲ್ಮೈ ಮಾಡಿದರೆ 130ರ ಸುತ್ತ ಬರುತ್ತದೆ, ಅಂದರೆ ಬಿಳಿ ಬಣ್ಣವೇ ಎರಡನೇ ಇಂಚಿನ ಕೆಲಸ ಮಾಡಿತು. ಹೋಲಿಸಲು ಅನುಕೂಲವಾಗಲಿ ಅಂತ ಹೊದಿಕೆ ಹಾಕಿದ ಮೇಲೂ ಮೇಲ್ಮೈ 60 ಡಿಗ್ರಿಯೇ ಅಂತ ಹಿಡಿದಿದ್ದೇನೆ. ನಿಜದಲ್ಲಿ ಶಾಖ ಕೆಳಗಿಳಿಯದೆ ಅದು ಇನ್ನೊಂದಿಷ್ಟು ಕಾಯುತ್ತದೆ.

ಇದೇ ಲೆಕ್ಕದಲ್ಲಿ ಹಳೆಯ ಮಾಳಿಗೆ ಮನೆಯನ್ನೂ ನೋಡಲೇಬೇಕು. ಬಯಲುಸೀಮೆಯಲ್ಲಿ ತೊಲೆ, ಹಲಗೆಗಳ ಮೇಲೆ ಅಡಿಯಷ್ಟು ಮಣ್ಣು ಹಾಕುತ್ತಿದ್ದರು. 300 ಮಿ.ಮೀ. ಒಣ ಮಣ್ಣಿಗೆ 0.58, ಒಂದಿಂಚು ಮರದ ಹಲಗೆಗೆ 0.17, ಗಾಳಿ ಪದರಗಳಿಗೆ 0.21. ಒಟ್ಟು 0.96. ಯು 1.04. ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ ವಾಸದ ಕಟ್ಟಡಗಳ ಮೇಲ್ಚಾವಣಿಗೆ ಹಾಕಿದ ಮಿತಿ 1.2. ಹೊರಗಿನ ಗಾಳಿ ಪದರದ 0.04 ಸೇರಿಸಿದರೂ ನಮ್ಮ ಬರಿ ಮೋಲ್ಡಿನ ಯು 3.3, ಅದು ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಮಾಳಿಗೆ ಪಾಸಾಗುತ್ತದೆ! ಮೋಲ್ಡಿನ ಮೇಲೆ ಒಂದಿಂಚು ಫೋಮ್ ಹಾಕಿದರೆ 0.88 ಬಂದು ಅದೂ ಪಾಸಾಗುತ್ತದೆ. ಕಲಬುರಗಿ, ರಾಯಚೂರಿನಂಥ 40 ಡಿಗ್ರಿ ದಾಟುವ ಊರುಗಳಲ್ಲಿ ಮಾಳಿಗೆ ಕೆಡವಿ ಬರಿ ಮೋಲ್ಡ್ ಹಾಕಿಸಿದವರು ಮೂರು ಪಟ್ಟು ಶಾಖವನ್ನು ಒಳಗೆ ಕರೆದುಕೊಂಡರು ಅಂತಲೇ ಅರ್ಥ.

ಮಂಗಳೂರು ಹಂಚಿಗೆ ಈ ಲೆಕ್ಕ ಹಾಕಿದರೆ ಆರ್ 0.03 ಮಾತ್ರ ಬರುತ್ತದೆ. ಹಾಗಂತ ಹಂಚಿನ ಮನೆ ಕಾಯುತ್ತದೆ ಅಂತಲ್ಲ. ಹಂಚಿನ ಸಂದುಗಳಲ್ಲಿ ಬಿಸಿ ಗಾಳಿ ಆಚೆ ಹೋಗುತ್ತದೆ, ಕೆಳಗೆ ಅಟ್ಟ ಇರುತ್ತದೆ, ಸೂರು ಎತ್ತರ. ತಂಪು ಬರುವುದು ಅಲ್ಲಿಂದ. ಹಂಚಿನ ಕೆಳಗೆ ಸಂದಿಲ್ಲದಂತೆ ಮೋಲ್ಡ್ ಹಾಕಿ ಮೇಲೆ ಹಂಚು ಅಂಟಿಸಿದರೆ ಅದು ನೋಟಕ್ಕೆ ಮಾತ್ರ.

ಎಷ್ಟು ಹೊತ್ತಿಗೆ ಒಳಗೆ ಬರುತ್ತದೆ

ಮೇಲಿನದೆಲ್ಲ ತಾಪಮಾನ ಸ್ಥಿರವಾಗಿದ್ದರೆ ನಡೆಯುವ ಲೆಕ್ಕ. ಬಿಸಿಲು ಏರುತ್ತದೆ, ಇಳಿಯುತ್ತದೆ, ಗೋಡೆ ಕಾಯಲು ಸಮಯ ಬೇಕು. ಹಾಗಾಗಿ ನಿಜವಾದ ಗರಿಷ್ಠ ಶಾಖ ಈ ಅಂಕಿಗಳಿಗಿಂತ ಕಡಿಮೆ ಇರುತ್ತದೆ, ತಡವಾಗಿಯೂ ಬರುತ್ತದೆ. ಎಷ್ಟು ತಡ ಅನ್ನುವುದಕ್ಕೆ ಕೆ ಜೊತೆ ಸಾಂದ್ರತೆ, ಶಾಖ ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಸೇರುತ್ತವೆ. 24 ಗಂಟೆಯ ಏರಿಳಿತಕ್ಕೆ ಲೆಕ್ಕ ಹಾಕಿದರೆ 5 ಇಂಚು ಮೋಲ್ಡಿಗೆ 3 ಗಂಟೆ, 6 ಇಂಚು ಸಾಲಿಡ್ ಬ್ಲಾಕಿಗೆ 4 ಗಂಟೆ, 9 ಇಂಚು ಇಟ್ಟಿಗೆಗೆ 7 ಗಂಟೆಯ ಆಸುಪಾಸು ಬರುತ್ತದೆ.

ಇದನ್ನು ಕೋಣೆಗೆ ಹೊಂದಿಸಿ ನೋಡಿ. ಪಶ್ಚಿಮದ ಗೋಡೆ ಸಂಜೆ 4ಕ್ಕೆ ಚೆನ್ನಾಗಿ ಕಾಯುತ್ತದೆ. ಇಟ್ಟಿಗೆಯಾದರೆ ಅದರ ಬಿಸಿ ಒಳಗೆ ಮುಟ್ಟುವುದು ರಾತ್ರಿ 11ಕ್ಕೆ, ಮಲಗುವ ಹೊತ್ತಿಗೆ. ಹಗಲು ನಡೆಯುವ ಅಂಗಡಿ, ಶಾಲೆ, ಆಫೀಸಿಗೆ ಈ ತಡ ವರ. ಪಶ್ಚಿಮಕ್ಕಿರುವ ಮಲಗುವ ಕೋಣೆಗೆ ಶಾಪ. ಅಲ್ಲಿ ಎಎಸಿ ಹಾಕಿ. ಅದರದ್ದೂ ತಡ ಹೆಚ್ಚುಕಡಿಮೆ ಅಷ್ಟೇ, ಆದರೆ ಬರುವ ಶಾಖವೇ ಕಡಿಮೆ.

ಹಾಗಾದರೆ ಏನು ಮಾಡುವುದು

ನಾನಾದರೆ ದುಡ್ಡನ್ನು ಈ ಕ್ರಮದಲ್ಲಿ ಹಾಕುತ್ತೇನೆ. ಮೊದಲು ತಾರಸಿಗೆ ಬಿಳಿ ಮೇಲ್ಮೈ. ಆಮೇಲೆ ಮೋಲ್ಡಿನ ಮೇಲೆ ಒಂದಿಂಚು ಫೋಮ್, ಅದರ ಮೇಲೆ ಕಾಪಾಡುವ ಗಾರೆ. ಫೋಮನ್ನು ಮೇಲೆ ಹಾಕಿದರೂ ಕೆಳಗೆ ಹಾಕಿದರೂ ಆರ್ ಒಂದೇ. ಆದರೆ ಮೇಲೆ ಇದ್ದರೆ ಕಾಂಕ್ರೀಟೇ ಕಾಯುವುದಿಲ್ಲ, ಹಿಗ್ಗಿ ಕುಗ್ಗಿ ಬಿರುಕು ಬಿಡುವುದು ಕಡಿಮೆ. ಆಮೇಲೆ ಪಶ್ಚಿಮದ ಗೋಡೆ ಮಾತ್ರ ಎಎಸಿ, ಇಲ್ಲವೇ ಅದಕ್ಕೆ ನೆರಳು. ಉತ್ತರದ ಗೋಡೆಗೆ ದುಬಾರಿ ಬ್ಲಾಕ್ ಹಾಕಿ ದಕ್ಕುವುದು ಕಡಿಮೆ. ಅಲ್ಲಿ ಇಟ್ಟಿಗೆಯೋ ಮಣ್ಣಿನ ಬ್ಲಾಕೋ ಸಾಕು. ಅಪಾರ್ಟ್‌ಮೆಂಟಿನ ನಡು ಮಹಡಿಯಲ್ಲಿ ಇರುವವರಿಗೆ ತಾರಸಿಯ ಚಿಂತೆ ಇಲ್ಲ, ಅವರಿಗೆ ಗೋಡೆ, ಕಿಟಕಿಯೇ ಮುಖ್ಯ. 5 ಮಿ.ಮೀ. ಗಾಜಿನ ಯು 5.7. ಜೊತೆಗೆ ನೇರ ಬಿಸಿಲು ಗಾಜು ದಾಟಿ ಬರುವುದು ಈ ಲೆಕ್ಕಕ್ಕೇ ಸಿಗುವುದಿಲ್ಲ, ಸಜ್ಜೆಯೇ ಅದಕ್ಕೆ ಮದ್ದು.

ಬೆಂಗಳೂರು, ಮೈಸೂರಿನ ಹವೆಗೆ ಬಿಳಿ ತಾರಸಿಯೂ 9 ಇಂಚಿನ ಇಟ್ಟಿಗೆಯೂ ಬಹುಪಾಲು ಮನೆಗೆ ಸಾಕಾಗುತ್ತದೆ. ಕಲ್ಯಾಣ ಕರ್ನಾಟಕದ ಊರುಗಳಲ್ಲಿ ಫೋಮ್ ಇಲ್ಲದ ಮೋಲ್ಡ್ ಬೇಡವೇ ಬೇಡ.

ಕೊಳ್ಳುವಾಗ ಸಾಂದ್ರತೆ, ಕೆ ಎರಡೂ ಬರೆದಿರುವ ಪರೀಕ್ಷಾ ವರದಿ ಕೇಳಿ. ಕೆಲವು ಫೋಮ್ ಶೀಟುಗಳ ಮೇಲೆ "ಆರ್-5" ಅಂತ ಅಚ್ಚಾಗಿರುತ್ತದೆ. ಅದು ಅಮೆರಿಕದ ಅಡಿ, ಫ್ಯಾರನ್‌ಹೀಟ್ ಲೆಕ್ಕದ್ದು. ಅದನ್ನು ಹಾಗೇ ನಮ್ಮ ಲೆಕ್ಕಕ್ಕೆ ಸೇರಿಸಬೇಡಿ, 5.68ರಿಂದ ಭಾಗಿಸಿ. ಆರ್-5 ಅಂದರೆ ನಮ್ಮ ಲೆಕ್ಕದಲ್ಲಿ 0.88.